ಊಟಿಯ ಹೂಗಿಡಗಳೂ ಮಾಗಿಯ ಕೊನೆಯ ಚಳಿಯೂ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುವುದು ಮೈಸೂರಿನ ಮಟ್ಟಿಗೆ ನಿಜ. ಘಟ್ಟ ಹತ್ತಿ ಊಟಿಗೆ ಹೋದರೆ ಆ ಮಾತನ್ನು ಅಷ್ಟು ನೆಚ್ಚುವಂತಿಲ್ಲ. ಸುಮಾರು 2,240 ಮೀಟರ್ ಎತ್ತರದ ಊರು. ಫೆಬ್ರವರಿಯ ಹಗಲು ಬೆಚ್ಚಗಿರುತ್ತದೆ, ಆ ಬಿಸಿಲಿಗೆ ಗಿಡಗಳು ಎಳೆಚಿಗುರು ಬಿಟ್ಟಿರುತ್ತವೆ. ಅಷ್ಟರಲ್ಲಿ ಮೋಡವೂ ಗಾಳಿಯೂ ಇಲ್ಲದ ಒಂದು ರಾತ್ರಿ ಬಂದರೆ ನೆಲದ ಕಾವೆಲ್ಲ ಆಕಾಶದ ಪಾಲು. ಭಾರವಾದ ತಣ್ಣನೆ ಗಾಳಿ ಇಳಿಜಾರಿನಿಂದ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಬೆಳಗಾಗುವಾಗ ರೇಸ್‌ಕೋರ್ಸ್ ಮೈದಾನದ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ.

ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ನನಗೆ ಮನೆಗಳ ಮುಂದಿನ ಹೈಡ್ರೇಂಜಿಯಾದ್ದೇ ಚಿಂತೆ. ಜಪಾನಿನ ಗಿಡ ಅದು, ಹುಳಿಮಣ್ಣಿನಲ್ಲಿ ನೀಲಿ ಹೂ ಬಿಡುತ್ತದೆ. ಬೇಸಿಗೆಯ ಹೂವಿನ ಮೊಗ್ಗು ಹಿಂದಿನ ವರ್ಷದ ಕಡ್ಡಿಯ ತುದಿಯಲ್ಲೇ ಅಡಗಿರುತ್ತದೆ. ಆ ತುದಿ ಕರಕಲಾದರೆ ಬುಡದಿಂದ ಎಲೆ ಬಂದೀತು, ಆ ವರ್ಷ ಹೂ ಬರುವುದು ಕಷ್ಟ. ಗೊಬ್ಬರ ಸುರಿದರೂ ಪ್ರಯೋಜನವಿಲ್ಲ. ಒಣಗಿದ ಹಳೇ ಹೂಗೊಂಚಲು ನೋಡಲು ಚೆನ್ನಾಗಿಲ್ಲವೆಂದು ಜನವರಿಯಲ್ಲೇ ಕತ್ತರಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೆಳಗಿನ ಮೊಗ್ಗಿಗೆ ಅದೇ ಕೊಡೆ.

ಕ್ಯಾಮೆಲಿಯಾಕ್ಕೆ ರಾತ್ರಿಯ ಚಳಿಗಿಂತ ಬೆಳಗಿನ ಬಿಸಿಲೇ ಕೇಡು. ಹೆಪ್ಪುಗಟ್ಟಿದ ಎಸಳು ಒಮ್ಮೆಗೇ ಕರಗಿದರೆ ಕಂದಿಹೋಗುತ್ತದೆ. ಅದಕ್ಕೇ ಅನುಭವಸ್ಥರು ಅದನ್ನು ಪೂರ್ವದ ಬಿಸಿಲು ನೇರ ಬೀಳುವಲ್ಲಿ ನೆಡುವುದಿಲ್ಲ. ಅದರ ದಾಯಾದಿ ಚಹಾ ಗಿಡವೂ ತಗ್ಗಿನ ತೋಟಗಳಲ್ಲಿ ಹೀಗೇ ಸುಟ್ಟು ಕೆಂಪಾಗುತ್ತದೆ.

1848ರಲ್ಲಿ ಶುರುವಾದ ಊಟಿಯ ಸಸ್ಯೋದ್ಯಾನದಲ್ಲಿ ಮಾಲಿಗಳು ಮಿಲಾರ್ ಅನ್ನುವ ಕುರುಚಲು ಗಿಡದ ಕೊಂಬೆಗಳನ್ನು ಎಳೆ ಗಿಡಗಳಿಗೆ ಮರೆಮಾಡುತ್ತಾರೆ, ಬೆಳಿಗ್ಗೆ ನೀರು ಚಿಮುಕಿಸುತ್ತಾರೆ. ಎಷ್ಟು ಸರಳ, ಎಷ್ಟು ಸರಿ! ನೆಲದ ಕಾವು ಮೇಲೇರದಂತೆ ತಡೆದರೆ ಅರ್ಧ ಕೆಲಸ ಆದಂತೆಯೇ. ಮನೆಯಲ್ಲಾದರೆ ಹಳೇ ಹತ್ತಿ ಸೀರೆ ಸಾಕು. ಎಲೆಗೆ ತಾಗುವಂತೆ ಪ್ಲಾಸ್ಟಿಕ್ ಮಾತ್ರ ಬೇಡ.

ನೀಲಗಿರಿಯದೇ ಆದ ರೋಡೋಡೆಂಡ್ರಾನ್‌ಗೆ ಈ ಉಪಚಾರ ಬೇಕಿಲ್ಲ. ಚರ್ಮದಂಥ ದಪ್ಪ ಎಲೆ. ಶೋಲಾ ಕಾಡಿನ ಅಂಚಿನಲ್ಲಿ ಇದೇ ಚಳಿಯಲ್ಲಿ ಕೆಂಪಗೆ ಅರಳುತ್ತದೆ. ದೂರದಿಂದ ತಂದು ನೆಟ್ಟವಕ್ಕೆ ನಾವೇ ದಿಕ್ಕು. ಕರಟಿದ ಕಡ್ಡಿ ಕಂಡ ಕೂಡಲೇ ಕತ್ತರಿ ಹಿಡಿಯಬೇಡಿ. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಏಪ್ರಿಲ್‌ವರೆಗೆ ಹಾಗೇ ಬಿಡಿ, ಚಿಗುರು ಎಲ್ಲಿಂದ ಬರುತ್ತದೋ ನೋಡಿಕೊಂಡು ಅದರ ಮೇಲಕ್ಕೆ ಕತ್ತರಿಸಿ.