ಒಣಗಲಿ, ಆಮೇಲೆ ಮುಚ್ಚೋಣ

ಮುಗ್ಗಲು ವಾಸನೆಗೆ ಸುಳ್ಳು ಹೇಳಲು ಬರುವುದಿಲ್ಲ. ಹಳೆಯ ಗಾಡಿಗೆ ಹೊಸ ಬಣ್ಣ ಹೊಡೆಯಬಹುದು, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಬಹುದು, ಡ್ಯಾಶ್‌ಬೋರ್ಡಿನ ಮೇಲೆ ಊದುಬತ್ತಿ ಹಚ್ಚಿಡಬಹುದು. ನಾಲ್ಕು ದಿನ ಬಾಗಿಲು ಮುಚ್ಚಿಟ್ಟು ತೆಗೆದರೆ ಸಾಕು, ಮರದೊಳಗೆ ಸೇರಿಕೊಂಡ ನೀರು ತನ್ನ ವಿಷಯ ತಾನೇ ಹೇಳುತ್ತದೆ. ಬೆಂಗಳೂರಿನ ವಿಜಯನಗರದಲ್ಲಿರುವ ನಮ್ಮ ಭಾವ ಕೊಂಡ ಹಳೆಯ ಟೆಂಪೋ ಟ್ರಾವೆಲರಿನಲ್ಲಿ ಅದನ್ನು ಹಿಡಿದವಳು ಅಕ್ಕ. ಒಳಗೆ ಕಾಲಿಟ್ಟವಳೇ, "ರೀ, ಇಲ್ಲಿ ಅಕ್ಕಿ ಡಬ್ಬಿ ಇಟ್ಟರೆ ವಾರದಲ್ಲಿ ಬೂಷ್ಟು ಹಿಡಿಯತ್ತೆ" ಎಂದಳು. ಎಂಜಿನ್ನು, ಟೈರು, ಬ್ಯಾಟರಿ ಎಲ್ಲ ನೋಡಿ ತೃಪ್ತರಾಗಿದ್ದ ಭಾವ ಸುಮ್ಮನೆ ನಿಂತರು.

ಅದು ಮನೆಯಾಗಿ ಮಾರ್ಪಟ್ಟಿದ್ದ ಗಾಡಿ. ಬಜಾಜ್ ಟೆಂಪೋ ಕಂಪನಿ 1987ರಿಂದ ತಯಾರಿಸತೊಡಗಿದ ಈ ಟ್ರಾವೆಲರ್‌ಗಳು ನಮ್ಮ ಕಡೆ ಧರ್ಮಸ್ಥಳಕ್ಕೂ ಹೋದವು, ಮದುವೆ ದಿಬ್ಬಣಕ್ಕೂ ಹೋದವು, ಶಾಲೆಯ ಮಕ್ಕಳನ್ನೂ ಹೊತ್ತವು. ಹಿಂದಿನ ಮಾಲೀಕರು ಯಾರೋ ಆಸೆಪಟ್ಟು ಇದರ ಸೀಟು ಬಿಚ್ಚಿಸಿ, ಮಂಚವಾಗುವ ಬೆಂಚು, ಗ್ಯಾಸ್ ಒಲೆಯ ಕಟ್ಟೆ, ಸ್ಟೀಲ್ ಸಿಂಕು, ಪ್ಲೈವುಡ್ಡಿನ ಕಪಾಟು ಮಾಡಿಸಿದ್ದರು. ಮೇಲ್ಛಾವಣಿಗೆ ತೂತು ಕೊರೆದು ಗಾಳಿಕಿಂಡಿ ಕೂರಿಸಿ, ಸಾಮಾನು ಹೇರಲು ಕ್ಯಾರಿಯರ್ ಬಿಗಿಸಿದ್ದರು. ಕಂಪನಿಯಿಂದ ಬಂದಾಗ ಒಂದೂ ತೂತಿಲ್ಲದಿದ್ದ ತಗಡಿಗೆ ಹೀಗೆ ಎಷ್ಟೋ ಬೋಲ್ಟುಗಳು ಇಳಿದಿದ್ದವು. ಪ್ರತಿ ಬೋಲ್ಟೂ ಮಳೆಗೆ ತೆರೆದ ಒಂದು ಬಾಗಿಲು.

ಗಾಡಿ ನಿಲ್ಲುವ ಜಾಗವೂ ಮುಖ್ಯ. ಭಾವನ ಮನೆಯ ಮುಂದೆ ಒಳ್ಳೆಯ ನೆರಳಿನ ಹೊಂಗೆ ಮರ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಂಗೆ ಹೂ ರಾಶಿ ರಾಶಿ ಉದುರಿ ರಸ್ತೆಯೆಲ್ಲ ನಸುಗುಲಾಬಿ ಆಗುತ್ತದೆ. ಆ ಸೊಗಸಿಗೆ ನಾನು ಎಷ್ಟೋ ಸಲ ಬಸವೇಶ್ವರನಗರದಿಂದ ನಡೆದೇ ಅಲ್ಲಿಗೆ ಹೋಗಿದ್ದೇನೆ. ಅದೇ ಹೂ ಗಾಡಿಯ ನೆತ್ತಿಯ ಮೇಲೆ ಬಿದ್ದು, ಅಂಚಿನ ದೋಣಿಯಲ್ಲಿ ಕೂತು, ಕೊಳೆತು ಮೆತ್ತೆಯಾಗುತ್ತದೆ. ಬೆಂಗಳೂರಿನ ಬೇಸಿಗೆ ಮಳೆ ನೇರ ಬೀಳುವುದಲ್ಲ. ಮಧ್ಯಾಹ್ನ ಕಳೆದ ಮೇಲೆ ಗಾಳಿಯ ಜೊತೆ ಓರೆಯಾಗಿ ಹೊಡೆಯುತ್ತದೆ. ಹರಿದು ಹೋಗಬೇಕಾದ ನೀರು ದೋಣಿಯಲ್ಲಿ ನಿಲ್ಲುತ್ತದೆ. ನಿಂತ ನೀರಿಗೆ ಅವಸರವಿಲ್ಲ, ಕೂದಲೆಳೆಯಷ್ಟು ಬಿರುಕು ಸಿಕ್ಕರೆ ರಾತ್ರಿಯಿಡೀ ಒಳಗಿಳಿಯುತ್ತದೆ.

ಕಾಮಾಕ್ಷಿಪಾಳ್ಯದ ಕಡೆಯ ಒಂದು ಟಿಂಕರಿಂಗ್ ಶೆಡ್ಡಿಗೆ ಗಾಡಿ ಹೋಯಿತು. ಮಾಗಡಿ ರಸ್ತೆಯ ಆಚೀಚೆ, ರಾಜಾಜಿನಗರದ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿ, ಲೇತು, ವೆಲ್ಡಿಂಗು, ಪ್ರೆಸ್ಸುಗಳ ಸದ್ದಿನ ನಡುವೆ ಇಂಥ ಶೆಡ್ಡುಗಳಿವೆ. ಅಲ್ಲಿನ ಮೇಸ್ತ್ರಿ ವಯಸ್ಸಾದವರು, ಬಸ್ಸಿನ ಬಾಡಿ ಕಟ್ಟಿ ಕೈ ಪಳಗಿದವರು. ಹಿಂಬದಿಯ ಕಪಾಟಿನ ಮೇಲೆ ಟೀ ಬಣ್ಣದ ಕಲೆಯನ್ನು ಭಾವ ತೋರಿಸಿದರೆ ಮೇಸ್ತ್ರಿ ಅದನ್ನು ನೋಡದೆ ಗಾಡಿಯ ಮುಂಭಾಗಕ್ಕೆ ಹೋದರು.

"ಕಲೆ ಇರೋ ಕಡೆ ನೀರು ಇಳಿದಿರಲ್ಲ ಸಾರ್. ಊರೆಲ್ಲ ಸುತ್ಕೊಂಡು ಅಲ್ಲಿಗೆ ಬಂದಿರುತ್ತೆ."

ಆ ಮಾತಿನ ಸತ್ಯ ತಿಳಿಯಲು ನಾನು ಶೆಡ್ಡಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತೆ. ಆಮೇಲೆ ಅಲ್ಲಿಗೆ ಹೋಗುವುದೇ ನನಗೊಂದು ಪ್ರೀತಿಯ ಕೆಲಸವಾಯಿತು.

ಸೋರಿಕೆ ಹುಡುಕುವುದಕ್ಕೆ ಒಂದು ಕ್ರಮವಿದೆ. ಪೈಪು ಹಿಡಿದು ನೆತ್ತಿಯಿಂದ ನೀರು ಸುರಿದರೆ ಎಲ್ಲ ಒಟ್ಟಿಗೆ ತೊಯ್ದು ಏನೂ ಗೊತ್ತಾಗುವುದಿಲ್ಲ. ಕೆಳಗಿನಿಂದ ಶುರು ಮಾಡಬೇಕು. ಮೊದಲು ಕಿಟಕಿಯ ಕೆಳ ಅಂಚಿನ ರಬ್ಬರಿಗೆ ಸಣ್ಣ ಧಾರೆ ಬಿಟ್ಟು ಕಾಯಬೇಕು. ಒಳಗೆ ಒಬ್ಬ ಹುಡುಗ ಟಾರ್ಚು ಹಿಡಿದು, ಸೀಮೆಸುಣ್ಣದ ಪುಡಿ ಎರಚಿದ ಪಟ್ಟಿಗಳನ್ನು ನೋಡುತ್ತಿರುತ್ತಾನೆ. ಹನಿ ತಾಗಿದ ಕಡೆ ಪುಡಿಯ ಬಣ್ಣ ತಿರುಗುತ್ತದೆ. ಅಲ್ಲಿ ಏನೂ ಇಲ್ಲವೆಂದಾದರೆ ಧಾರೆ ಒಂದು ಮೊಳ ಮೇಲೆ. ಆಮೇಲೆ ಬೀಡಿಂಗು, ಆಮೇಲೆ ಛಾವಣಿಯ ಕೂಡು, ಕೊನೆಗೆ ಗಾಳಿಕಿಂಡಿ. ಇಷ್ಟಕ್ಕೂ ಸಿಗದಿದ್ದರೆ ಇನ್ನೊಂದು ಉಪಾಯ: ಕಿಟಕಿ ಬಾಗಿಲು ಬಿಗಿ ಮಾಡಿ, ಬ್ಲೋಯರಿನಿಂದ ಒಳಗೆ ಗಾಳಿ ತುಂಬಿ, ಹೊರಗೆ ಸೋಪಿನ ನೀರು ಸವರುವುದು. ಗಾಳಿ ಹೊರಡುವ ಕಡೆ ಗುಳ್ಳೆ ಏಳುತ್ತದೆ, ಪಂಕ್ಚರ್ ಅಂಗಡಿಯ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿದಂತೆ.

ಗುಳ್ಳೆ ಎದ್ದದ್ದು ಡ್ರೈವರ್ ಸೀಟಿನ ಮೇಲ್ಗಡೆ, ಕ್ಯಾರಿಯರಿನ ಒಂದು ಬೋಲ್ಟಿನ ಬುಡದಲ್ಲಿ. ಅಲ್ಲಿ ಇಳಿದ ನೀರು ಛಾವಣಿಯ ಅಡ್ಡಪಟ್ಟಿಯ ಮೇಲೆ ಹರಿದು, ಲೈಟಿನ ವೈರು ಹಿಡಿದುಕೊಂಡು ಹಿಂದಕ್ಕೆ ಸಾಗಿ, ಕಪಾಟಿನ ಸ್ಕ್ರೂ ಸಿಕ್ಕಿದಲ್ಲಿ ಕೆಳಗಿಳಿದಿತ್ತು. ಭಾವನ ರಸ್ತೆ ಇಳಿಜಾರಿನದು, ಗಾಡಿ ಸದಾ ಹಿಂಬದಿ ತಗ್ಗಾಗಿ ನಿಲ್ಲುತ್ತಿತ್ತು. ನೀರು ತನ್ನ ಇಳಿಜಾರನ್ನು ತಾನು ನಂಬಿ ನಡೆದಿತ್ತು.

ಹಿಂದೆ ಯಾರೋ ರಿಪೇರಿಯವರು ಒಳಗಡೆಯಿಂದ ಕಲೆಯ ಸುತ್ತ ಸಿಲಿಕೋನ್ ಬಳಿದು ಕೈ ತೊಳೆದುಕೊಂಡಿದ್ದರು. ನನಗೆ ಸಂಕಟವಾದದ್ದು ಇಲ್ಲಿ. ಒಳಗಿಂದ ಮುಚ್ಚಿದರೆ ಹನಿ ಕಾಣುವುದು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಹೊರಬರುವ ದಾರಿ ಕಳೆದುಕೊಂಡ ನೀರು ಮರದಲ್ಲೇ ಮನೆ ಮಾಡುತ್ತದೆ. ಮೇಲಾಗಿ ಸಿಲಿಕೋನ್ ಒಮ್ಮೆ ಹತ್ತಿದ ಕಡೆ ಬೇರೆ ಯಾವ ಅಂಟೂ ಬಣ್ಣವೂ ಸರಿಯಾಗಿ ಕೂರುವುದಿಲ್ಲ. ಅದರ ಜಿಡ್ಡು ಪೂರ್ತಿ ಹೋಗುವ ತನಕ ಕೆರೆಯಬೇಕು. ಮೇಸ್ತ್ರಿಯ ಹುಡುಗರು ಪ್ಲಾಸ್ಟಿಕ್ ಪಟ್ಟಿ ಹಿಡಿದು ಕೆರೆದೇ ಕೆರೆದರು.

ಒಳಗಿನ ಹಲಗೆ ಬಿಚ್ಚಿದಾಗ ಲಡ್ಡು ಹಿಡಿದ ಪ್ಲೈವುಡ್ ಕಂಡಿತು. ಉಗುರು ತಾಗಿಸಿದರೆ ಪದರ ಪದರವಾಗಿ ಎದ್ದು ಬಂತು. ಮೇಸ್ತ್ರಿ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ತಟ್ಟುತ್ತ ಹೋದರು. ಗಟ್ಟಿ ಮರ ಟಣ್ ಎನ್ನುತ್ತದೆ, ಕೆಟ್ಟದ್ದು ಬೊದ್ದನೆ ಮೌನ. ಬೊದ್ದೆಂದ ಕಡೆ ಮೊನೆ ಒತ್ತಿದರೆ ಸದ್ದಿಲ್ಲದೆ ಒಳಗೆ ಹೋಗುತ್ತಿತ್ತು. ಹಾಳಾದದ್ದು ಕಾಣುವ ಗೆರೆಯಲ್ಲಿ ಕತ್ತರಿಸಲು ಭಾವ ಹೇಳಿದರೆ, ಮೇಸ್ತ್ರಿ ಅದರಾಚೆ ಒಂದು ಗೇಣು ಬಿಟ್ಟು ಗೆರೆ ಎಳೆದರು. ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಅದರ ಎಳೆಗಳು ಕಣ್ಣಿಗೆ ಕಾಣುವ ಕೊಳೆಗಿಂತ ಮುಂದೆ ಓಡಿರುತ್ತವೆ. ಮರದ ತೇವ ನೂರಕ್ಕೆ ಇಪ್ಪತ್ತರ ಕೆಳಗಿದ್ದರೆ ಅದು ಬೆಳೆಯಲಾರದು. ಆದರೆ ಸತ್ತೇ ಹೋಯಿತೆಂದು ನಂಬುವಂತಿಲ್ಲ, ಮತ್ತೆ ತೇವ ಸಿಕ್ಕರೆ ಏಳಬಹುದು.

ಇಷ್ಟೆಲ್ಲ ವಿದ್ಯೆಗೆ ನಮ್ಮ ಊರು ದೂರದ್ದಲ್ಲ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಶುರುವಾದದ್ದು. ಪ್ಲೈವುಡ್ಡಿಗೆಂದೇ ತುಮಕೂರು ರಸ್ತೆಯಲ್ಲಿ 1962ರಲ್ಲಿ ಇನ್ನೊಂದು ಸಂಶೋಧನಾ ಸಂಸ್ಥೆ ಹುಟ್ಟಿತು. ಸೊಂಟಿ ಕಾಮೇಶಂ ಎಂಬ ನಮ್ಮ ದೇಶದ ಎಂಜಿನಿಯರ್ 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರ ಕಾಯುವ ದ್ರಾವಣ ಕಂಡುಹಿಡಿದರು. ತಾಮ್ರ ಶಿಲೀಂಧ್ರವನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನು, ಕ್ರೋಮಿಯಂ ಇವೆರಡನ್ನೂ ಮರದಲ್ಲಿ ಬಿಗಿಹಿಡಿಯುತ್ತದೆ. ಲೋಕದ ಎಷ್ಟೋ ವಿದ್ಯುತ್ ಕಂಬಗಳು ಆ ದ್ರಾವಣದ ಬಲದಲ್ಲಿ ಮಣ್ಣಿನಲ್ಲಿ ನಿಂತವು. ಕಾಮೇಶಂ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು. ಆದರೆ ಊಟ ಮಾಡಿ ಮಲಗುವ ಗಾಡಿಯೊಳಗೆ ಆರ್ಸೆನಿಕ್ ಬೇಡ. ಅಲ್ಲಿಗೆ ಬಿಳಿಗಾರ ಮತ್ತು ಬೋರಿಕ್ ಆಸಿಡ್ಡಿನ ದ್ರಾವಣ ಸಾಕು. ಅದು ತೇವದ ಜೊತೆ ಮರದೊಳಗೆ ಇಳಿಯುತ್ತದೆ. ಆದರೆ ಮತ್ತೆ ಮಳೆ ಹರಿದರೆ ತೊಳೆದೂ ಹೋಗುತ್ತದೆ, ಆದ್ದರಿಂದ ಸೋರಿಕೆ ನಿಲ್ಲಿಸದೆ ಅದನ್ನು ಬಳಿದು ಫಲವಿಲ್ಲ.

ಕತ್ತರಿಸಿದ್ದಾಯಿತು, ಬಳಿದದ್ದಾಯಿತು. ಹೊಸ ಹಲಗೆ ಕೂರಿಸೋಣವೆಂದು ಭಾವನ ಅವಸರ. ಅವರಿಗೆ ಆಗುಂಬೆಯ ಕನಸು. ಮೇಸ್ತ್ರಿ ಒಪ್ಪಲಿಲ್ಲ.

"ಒಣಗಲಿ ಸಾರ್, ಆಮೇಲೆ ಮುಚ್ಚೋಣ."

ಗಾಡಿ ಎದೆ ಬಿಚ್ಚಿಕೊಂಡು ಶೆಡ್ಡಿನಲ್ಲಿ ನಿಂತಿತು. ಬಾಗಿಲೆಲ್ಲ ತೆರೆದು, ಒಂದು ಫ್ಯಾನು ಇಟ್ಟು, ಫೆಬ್ರವರಿಯ ಒಣಗಾಳಿಗೆ ಒಪ್ಪಿಸಿದರು. ನಾನು ಹೋದಾಗಲೆಲ್ಲ ಮೇಸ್ತ್ರಿ ಎರಡು ಮುಳ್ಳಿನ ಸಣ್ಣ ಮೀಟರನ್ನು ಮರಕ್ಕೆ ಚುಚ್ಚಿ ಅಂಕಿ ತೋರಿಸುತ್ತಿದ್ದರು. ಅಂಕಿ ಇಳಿಯುವುದನ್ನು ನೋಡುವುದರಲ್ಲಿ ಒಂದು ಸುಖವಿದೆ. ಜ್ವರ ಇಳಿಯುವ ಮನೆಯಲ್ಲಿದ್ದವರಿಗೆ ಅದು ಗೊತ್ತು. ರಿಪೇರಿಯ ಹೆಚ್ಚು ದಿನಗಳು ಹೀಗೆ ಏನೂ ಮಾಡದೆ ಕಳೆದವು, ಗಾಡಿ ಉಳಿದದ್ದೂ ಆ ದಿನಗಳಿಂದಲೇ ಎಂದು ನನ್ನ ನಂಬಿಕೆ.

ಆಮೇಲಿನದು ಚುರುಕು ಕೆಲಸ. ತುಕ್ಕು ಕೆರೆದು ಎಪಾಕ್ಸಿ ಪ್ರೈಮರ್ ಬಳಿದರು. ಹಲಗೆಗೆ ಮೈಸೂರು ರಸ್ತೆಯ ಅಂಗಡಿಯಿಂದ ಐಎಸ್ 710 ಗುರುತಿನ ಮೆರೈನ್ ಪ್ಲೈ ಬಂತು, ಕುದಿಯುವ ನೀರಿನಲ್ಲಿ 72 ಗಂಟೆ ಇಟ್ಟರೂ ಪದರ ಬಿಡಬಾರದೆಂಬ ಪರೀಕ್ಷೆಯ ಮಾಲು. ಅಂಥ ಪ್ಲೈಗೂ ಕತ್ತರಿಸಿದ ಅಂಚು ದುರ್ಬಲ ಜಾಗ, ನೀರು ಕುಡಿಯುವುದು ಅಲ್ಲಿಂದ. ಅಂಚಿಗೂ ಸ್ಕ್ರೂ ತೂತಿಗೂ ಎಪಾಕ್ಸಿ ತುಂಬಿದ ಮೇಲೇ ಕೂರಿಸಿದ್ದು. ಗಾಳಿಕಿಂಡಿ, ಕ್ಯಾರಿಯರುಗಳ ಅಡಿಗೆ ಬ್ಯೂಟೈಲ್ ಪಟ್ಟಿ, ಮೇಲೆ ಪಾಲಿಯುರೆಥೇನ್ ಸೀಲೆಂಟ್. ನೆಲದ ಚಾನೆಲ್ಲಿನಲ್ಲಿ ಮಣ್ಣು ಮುಚ್ಚಿದ್ದ ನೀರಿಳಿ ತೂತುಗಳನ್ನೂ ಮೇಸ್ತ್ರಿ ಒಂದೊಂದಾಗಿ ಬಿಡಿಸಿದರು.

ಈ ಕಸುಬು ಬಸ್ಸಿನಿಂದ ಬಂದದ್ದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ 120 ಬಸ್ಸುಗಳೊಂದಿಗೆ ಶುರುವಾದ ಕಾಲದಲ್ಲಿ ಬಸ್ಸಿನ ಒಡಲು ಬಹುಪಾಲು ಮರದ ಚೌಕಟ್ಟಿನದು. ಬಡಗಿ ಇಲ್ಲದೆ ಬಸ್ಸಿಲ್ಲ. ಇವತ್ತಿಗೂ ಕೆಂಗೇರಿಯ ಕೆಎಸ್ಸಾರ್ಟಿಸಿ ಕಾರ್ಯಾಗಾರದಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿದ ಹಳೆಯ ಬಸ್ಸುಗಳ ತಗಡು, ನೆಲ ತೆಗೆದು ಹೊಸತು ಹಾಕಿ ಮತ್ತೆ ರಸ್ತೆಗೆ ಬಿಡುತ್ತಾರೆ. ಅಮೆರಿಕದಲ್ಲಿ ಹೆಸರಾದ ಏರ್‌ಸ್ಟ್ರೀಮ್ ಗಾಡಿಮನೆಗಳ ಹೊಳೆಯುವ ಅಲ್ಯೂಮಿನಿಯಂ ಮೈಗೆ ಏನೂ ಆಗಿರುವುದಿಲ್ಲ, ಹಳೆಯವುಗಳ ಹಿಂಬದಿಯ ಪ್ಲೈವುಡ್ ನೆಲ ಮಾತ್ರ ಕೊಳೆತಿರುತ್ತದೆ. ಅಲ್ಲಿನವರೂ ನಮ್ಮ ಮೇಸ್ತ್ರಿಯ ಹಾಗೆಯೇ ತಟ್ಟಿ, ಚುಚ್ಚಿ, ಕತ್ತರಿಸುತ್ತಾರೆ.

ಸೆಪ್ಟೆಂಬರಿನ ಮಳೆಯಲ್ಲಿ ಗಾಡಿ ಹೊಂಗೆಯ ಕೆಳಗೇ ನಿಂತಿತ್ತು. ಅಕ್ಕ ಬಾಗಿಲು ತೆಗೆದು ಮೂಸಿ ನೋಡಿ, ಅಕ್ಕಿ ಡಬ್ಬಿ ಇಟ್ಟಳು.

ಹಳೆಯ ಗಾಡಿ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ. ಯುಗಾದಿ ಕಳೆದು ಮೊದಲ ಮಳೆ ಬರುವ ಮುಂಚೆ ಏಣಿ ಹಾಕಿ ನೆತ್ತಿಯ ಹೂ, ಎಲೆ ಗುಡಿಸಿ. ದೋಣಿಗೆ ಒಂದು ಕೊಡ ನೀರು ಸುರಿದು ಅದು ಹೊರಗೆ ಹರಿಯುವುದನ್ನು ಕಣ್ಣಾರೆ ನೋಡಿ. ಮೂಲೆ ಮೂಲೆಯ ನೆಲವನ್ನು ತಟ್ಟಿ ಸದ್ದು ಕೇಳಿ. ಒಳಗಡೆಯಿಂದ ಸಿಲಿಕೋನ್ ಹಚ್ಚಿ ಸಂಜೆಗೆ ಗಾಡಿ ಕೊಡುತ್ತೇನೆ ಎನ್ನುವವರ ಕೈಗೆ ಮಾತ್ರ ಬೀಗದಕೈ ಕೊಡಬೇಡಿ.