ಅಂಗಳದ ಬಿಸಿಲು, ತಾರಸಿಯ ಬೆಳಕು

ಕುಂಬಳೆಯಿಂದ ಬದಿಯಡ್ಕದ ಮೂಲಕ ಮುಳ್ಳೇರಿಯದತ್ತ ಸಾಗುವ ರಸ್ತೆಯಲ್ಲಿ ಕಡಲ ಗಾಳಿ ಬಹುಬೇಗ ಹಿಂದುಳಿಯುತ್ತದೆ. ಮುರಕಲ್ಲಿನ ಬೋಳುಗುಡ್ಡ, ಅದರ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಮೇಲ್ಬದಿಯಲ್ಲಿ ಮನೆ: ಇದು ಈ ಸೀಮೆಯ ಹಳೆಯ ವಿನ್ಯಾಸ. ಡಿಸೆಂಬರ್ ಬಂತೆಂದರೆ ಅಂಗಳದಲ್ಲೂ ತಾರಸಿಯಲ್ಲೂ ಅಡಿಕೆ ಹರಡಿಕೊಳ್ಳುತ್ತದೆ. ಹಣ್ಣಡಿಕೆ ಚಾಲಿಯಾಗಲು ಸುಮಾರು 40 ದಿನಗಳ ಬಿಸಿಲು ಬೇಕು. ಇಲ್ಲಿನವರಿಗೆ ಬಿಸಿಲೆಂದರೆ ವರ್ಷದ ಸಂಪಾದನೆ.

ಈಚೆಗೆ ಆ ಬಿಸಿಲಿಗೆ ಇನ್ನೊಬ್ಬ ಪಾಲುದಾರ ಬಂದಿದ್ದಾನೆ. ಜಿಲ್ಲೆಯ ದಕ್ಷಿಣ ಭಾಗದ ಅಂಬಲತ್ತರದಲ್ಲಿ 50 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ತಲೆಯೆತ್ತಿತು. ಬಳಿಕ ಕಪ್ಪು ಹಲಗೆಗಳು ಒಂದೊಂದಾಗಿ ಮನೆಗಳ ಮೇಲೂ ಕಾಣಿಸಿಕೊಂಡವು. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಪಿ.ಎಂ. ಸೂರ್ಯಘರ್ ಯೋಜನೆಯ ನಂತರ ಈ ಮಾತು ಮದುವೆ ಚಪ್ಪರದಲ್ಲೂ ಶಾಲೆಯ ರಕ್ಷಕರ ಸಭೆಯಲ್ಲೂ ಕೇಳಿಬರುತ್ತಿದೆ.

ಮೊದಲ ಪ್ರಶ್ನೆ ಜಾಗದ್ದು. ಒಂದು ಕಿಲೋವಾಟಿಗೆ ಸುಮಾರು 100 ಚದರಡಿ ಬೇಕು. ಮೂರು ಕಿಲೋವಾಟಿಗೆ 300 ಚದರಡಿ. ಹಾಗಾದರೆ ಅಡಿಕೆ ಎಲ್ಲಿ ಒಣಗಬೇಕು? ಆಳೆತ್ತರದ ಕಂಬಗಳ ಮೇಲೆ ಹಲಗೆ ಕೂರಿಸಿದರೆ ಕೆಳಗೆ ನಡೆದಾಡಲು, ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಅನುಕೂಲ. ಆದರೆ ನೆರಳಿನಲ್ಲಿ ಅಡಿಕೆ ಒಣಗದು. ಆದ್ದರಿಂದ ತಾರಸಿಯನ್ನು ಪಾಲು ಮಾಡುವ ಮೊದಲು ಅಂಗಳದ ಅಳತೆಯನ್ನೂ ನೋಡಬೇಕಾಗುತ್ತದೆ. ಹಂಚಿನ ಮಾಡಿನ ಮನೆಗಳಲ್ಲಿ ಹಂಚಿನ ಮೇಲೆ ಭಾರ ಬೀಳದಂತೆ ಪಕ್ಕಾಸಿಗೆ ಆಧಾರ ಕೊಡಬೇಕು. ಪಕ್ಕಾಸು ಗೆದ್ದಲು ಹಿಡಿದಿದ್ದರೆ ಆ ಯೋಚನೆ ಬಿಡುವುದೇ ಲೇಸು.

ಎರಡನೆಯದು ತೆಂಗಿನ ಮರದ ಪ್ರಶ್ನೆ. ಹಲಗೆಗಳನ್ನು ಸಾಮಾನ್ಯವಾಗಿ ಸರಪಣಿಯಂತೆ ಒಂದಕ್ಕೊಂದು ಜೋಡಿಸಿರುತ್ತಾರೆ. ಒಂದರ ಮೇಲೆ ಮಡಲಿನ ನೆರಳು ಬಿದ್ದರೂ ಉತ್ಪಾದನೆ ಕುಗ್ಗುತ್ತದೆ. ದಕ್ಷಿಣಕ್ಕೆ ಮುಖ, ಹನ್ನೆರಡು ಡಿಗ್ರಿಯ ಆಸುಪಾಸಿನ ಓರೆ ಇಲ್ಲಿಗೆ ಹೊಂದುತ್ತದೆ. ಬೇಸಗೆಯ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಆದರೆ ಆ ಅವಧಿಯ ಬಹುಭಾಗ ಆಕಾಶ ಮೋಡದ್ದೇ. ವರ್ಷದ ಸರಾಸರಿಯಲ್ಲಿ ಕಿಲೋವಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ಆಟಿಯ ಜಡಿಮಳೆಯಲ್ಲಿ ಅದು ಬಹಳಷ್ಟು ಇಳಿಯುತ್ತದೆ, ಫೆಬ್ರವರಿಯಲ್ಲಿ ಏರುತ್ತದೆ. ಈ ಏರಿಳಿತವನ್ನು ತೂಗಿಸುವುದು ನೆಟ್ ಮೀಟರ್. ಹಗಲು ಹೆಚ್ಚಾದ ವಿದ್ಯುತ್ತು ಲೈನಿಗೆ ಹೋಗುತ್ತದೆ, ರಾತ್ರಿ ಬೇಕಾದದ್ದು ಲೈನಿನಿಂದ ಬರುತ್ತದೆ. ಮೀಟರು ಎರಡನ್ನೂ ಬರೆದಿಡುತ್ತದೆ. ಆದರೂ ನಿಗದಿತ ಶುಲ್ಕ ಉಳಿಯುವುದರಿಂದ ಬಿಲ್ಲು ಪೂರ್ತಿ ಸೊನ್ನೆಯಾಗುವುದಿಲ್ಲ. ಕೇರಳದಲ್ಲಿ ಮನೆಯ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿದರೆ ಇಡೀ ಬಳಕೆಗೆ ಒಂದೇ ಮೇಲ್ದರ ಅನ್ವಯಿಸುತ್ತದೆ. ಆ ಗೆರೆ ದಾಟುವ ಮನೆಗೆ ಲಾಭ ಹೆಚ್ಚು. ಐವತ್ತು ಅರವತ್ತು ಯೂನಿಟ್ಟಿನ ಮನೆಗೆ ಸಾಲ ಮಾಡುವ ಅವಸರವಿಲ್ಲ.

ಹೆಚ್ಚಿನವರನ್ನು ಬೆರಗುಗೊಳಿಸುವ ಸಂಗತಿ ಇನ್ನೊಂದಿದೆ. ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದಾಗ, ನಡು ಹಗಲಾಗಿದ್ದರೂ ಸೋಲಾರ್ ಮನೆಯ ಫ್ಯಾನು ನಿಲ್ಲುತ್ತದೆ. ಲೈನಿಗೆ ಜೋಡಿಸಿದ ಇನ್ವರ್ಟರು, ಲೈನು ಸತ್ತೊಡನೆ ತಾನೂ ನಿಲ್ಲುವಂತೆ ಮಾಡಲ್ಪಟ್ಟಿದೆ. ನಿಲ್ಲದಿದ್ದರೆ ಮನೆಯಿಂದ ಹರಿದ ವಿದ್ಯುತ್ತು, ಮಳೆಯಲ್ಲಿ ನೆನೆಯುತ್ತ ಕಂಬವೇರಿದ ಲೈನ್‌ಮನ್ನಿನ ಪ್ರಾಣ ತೆಗೆದೀತು. ಕತ್ತಲೆಯಲ್ಲೂ ದೀಪ ಬೇಕೆಂಬವರು ಬ್ಯಾಟರಿಯಿರುವ ಬೇರೆ ವ್ಯವಸ್ಥೆಗೆ ಹೆಚ್ಚು ಹಣ ತೆರಬೇಕು. ತುಲಾಮಾಸದ ಸಿಡಿಲು ಈ ಸೀಮೆಯಲ್ಲಿ ಉಗ್ರವಾದುದರಿಂದ ಅರ್ಥಿಂಗ್ ಮತ್ತು ಸಿಡಿಲು ನಿರೋಧಕದಲ್ಲಿ ಮಿತವ್ಯಯ ಸಲ್ಲದು. ಕಡಲ ಬದಿಯವರು ಕಂಬಗಳ ತುಕ್ಕಿನ ಬಗೆಗೂ ಎಚ್ಚರವಹಿಸಬೇಕು.

ಸಹಾಯಧನ ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಹೀಗೆ ಗರಿಷ್ಠ 78,000. ಅದು ಕೈಸೇರುವುದು ಕೆಲಸ ಮುಗಿದು ತಪಾಸಣೆಯಾದ ಮೇಲೆ. ಅರ್ಜಿದಾರರ ಹೆಸರೂ ಮೀಟರಿನ ಹೆಸರೂ ಒಂದೇ ಆಗಿರಬೇಕು. ತರವಾಡು ಮನೆಗಳಲ್ಲಿ ಮೀಟರು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುವುದುಂಟು. ಅಲ್ಲಿ ಅಣ್ಣತಮ್ಮಂದಿರು ಒಟ್ಟಿಗೆ ಕುಳಿತು ಹೆಸರು ಬದಲಿಸುವುದೇ ಮೊದಲ ಕೆಲಸ.

ಕೊನೆಯ ಪ್ರಶ್ನೆ ಕಾಗದದ್ದು. ಇಪ್ಪತ್ತೈದು ವರ್ಷ ಬಾಳುವ ವಸ್ತುವಿನ ಒಪ್ಪಂದಕ್ಕೆ ಸಹಿ ಹಾಕುವ ಅಮ್ಮನಿಗೆ ಮಲೆಯಾಳವೂ ಇಂಗ್ಲಿಷೂ ಓದಲು ಬಾರದಿರಬಹುದು. ಹಲಗೆಯ ಖಾತರಿ ಎಷ್ಟು ವರ್ಷ, ಇನ್ವರ್ಟರಿನದು ಎಷ್ಟು, ಕೆಟ್ಟರೆ ಬರುವವರು ಯಾರು, ಇವನ್ನು ಕನ್ನಡದಲ್ಲಿ ಬರೆದುಕೊಡಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇರಳದ 1969ರ ಆಡಳಿತ ಭಾಷಾ ಕಾನೂನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಲು ಅವಕಾಶವಿತ್ತಿದೆ. ಬಳಸದೆ ಬಿಟ್ಟ ಹಕ್ಕು, ನೆರಳಿನಲ್ಲಿಟ್ಟ ಅಡಿಕೆಯಂತೆ ಬೂಸಲು ಹಿಡಿಯುತ್ತದೆ.

ಸಂಜೆಯಾಗುತ್ತಲೇ ರಸ್ತೆಬದಿಯ ಮನೆಗಳಲ್ಲಿ ಅಡಿಕೆಯನ್ನು ರಾಶಿಮಾಡಿ ಮುಚ್ಚುತ್ತಾರೆ. ಶಾಲೆಯಿಂದ ಬಂದ ಹುಡುಗಿ ಜಗಲಿಯ ಮೀಟರಿನ ಮುಂದೆ ನಿಂತು, ಹೋದ ಯೂನಿಟ್ಟು ಎಷ್ಟು, ಬಂದದ್ದೆಷ್ಟು ಎಂದು ಅಜ್ಜಿಗೆ ಓದಿಹೇಳುತ್ತಾಳೆ. ಅಜ್ಜಿ ಬೆರಳೆಣಿಸಿ, ಇವತ್ತಿನ ಬಿಸಿಲು ಎರಡೂ ಕಡೆ ಸಾಕಾಯಿತೆನ್ನುತ್ತಾಳೆ.