ಕಂಪ್ಯೂಟರಿನ ಜಗಲಿ

ನಮ್ಮ ಮನೆಗೆ ಬಂದ ಮೊದಲ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಆನ್ ಮಾಡಿದರೆ ನೀಲಿ ಪರದೆಯ ಮೇಲೆ ಮನೆಮಂದಿಯೆಲ್ಲ ಒಬ್ಬರ ಕೆಳಗೊಬ್ಬರು ಸಾಲಾಗಿ ಕಾಣುತ್ತಿದ್ದರು. ಅಪ್ಪ ಚದುರಂಗದ ಕಾಯಿ, ತಮ್ಮ ಫುಟ್‌ಬಾಲು, ನಾನು ಗಿಟಾರು. ನಮ್ಮ ವಂಶದಲ್ಲೇ ಗಿಟಾರು ಮುಟ್ಟಿದವರಿರಲಿಲ್ಲ, ಅದು ಬೇರೆ ಮಾತು. ಅಮ್ಮನ ಪಾಲಿಗೆ ಬಂದದ್ದು ಹಳದಿ ಬಾತುಕೋಳಿ. "ನನ್ನ ಕೇಳ್ದೆ ಇದನ್ನ ಯಾರೋ ಹಾಕಿದ್ದು?" ಎಂದು ರೇಗಿದಳು. ಬದಲಾಯಿಸಲು ಹೋದರೆ, ಇರಲಿ ಬಿಡು ಎಂದಳು.

ಆ ಪರದೆಯ ಬಾಯಲ್ಲಿ ಗುಟ್ಟು ನಿಲ್ಲುತ್ತಿರಲಿಲ್ಲ. ಲಾಗಾಫ್ ಮಾಡದೆ ಯಾರಾದರೂ ಎದ್ದುಹೋದರೆ, ಅವರ ಹೆಸರಿನ ಕೆಳಗೆ ಎಷ್ಟು ಪ್ರೋಗ್ರಾಂ ಇನ್ನೂ ಓಡುತ್ತಿವೆ ಎಂದು ಊರಿಗೆಲ್ಲ ಸಾರುತ್ತಿತ್ತು. ಪರೀಕ್ಷೆಯ ಹಿಂದಿನ ಸಂಜೆ ತಮ್ಮನ ಹೆಸರಿನಡಿ ಆ ಸಾಲು ಕಂಡರೆ ಅಮ್ಮನಿಗೆ ಪಾಸ್‌ವರ್ಡ್ ಬೇಕೇ ಇರಲಿಲ್ಲ. "ಏನೋ ಅದು, ಒಳಗೆ ಓಡ್ತಾ ಇರೋದು?" ಮರೆಗುಳಿಗಳಿಗೆಂದು ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ, ಒತ್ತಿದವರಿಗೆಲ್ಲ ಸುಳಿವು ಸಿಗುತ್ತಿತ್ತು. ಅಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟ ಸುಳಿವು: ‘ಮನೆದೇವರು’. ಬೀಗದ ಜೊತೆ ಕೀಲಿಕೈಯನ್ನೂ ನೇತುಹಾಕಿದ ಹಾಗಾಯಿತು.

ಯಂತ್ರ ಒಂದು, ಮಂದಿ ಹಲವರು. ಲಾಗಿನ್ ಎಂಬುದು ಹುಟ್ಟಿದ್ದೇ ಈ ತಾಪತ್ರಯದಿಂದ. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು, ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯನ್ನು ಕಟ್ಟಿದರು. ಒಬ್ಬರ ಕಡತ ಇನ್ನೊಬ್ಬರಿಗೆ ಸಿಗದಿರಲೆಂದು ಅದಕ್ಕೆ ಪಾಸ್‌ವರ್ಡ್ ಇಟ್ಟರು. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳ ಕಡತವನ್ನೇ ಪ್ರಿಂಟ್ ತೆಗೆಸಿಕೊಂಡ. ಕೆಲವು ವರ್ಷಗಳ ನಂತರದ್ದು ಇನ್ನೂ ಸೊಗಸು: ಆ ದಿನದ ಸಂದೇಶದ ಕಡತವೂ ಪಾಸ್‌ವರ್ಡಿನ ಕಡತವೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡೂ ಅಚ್ಚಾಗಿ ಬಂತು. ಎಂಐಟಿಯವರ ಕಥೆಯೇ ಹೀಗಿರುವಾಗ ನಮ್ಮಪ್ಪನದೇನು ಮಹಾ!

ಆಗಿನ್ನೂ ಚಿತ್ರಗಳಿಲ್ಲ. ಮುಂದೆ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಂದು, ಅದರ ಮೇಲೆ ಕಿಟಕಿಗಳು ಬಂದ ಮೇಲೂ, ಕಪ್ಪು ಪರದೆಯಲ್ಲಿ ಹೆಸರು ಟೈಪಿಸಿ ಒಳಹೊಕ್ಕು, ಆಮೇಲೆ ಆದೇಶ ಕೊಟ್ಟು ಕಿಟಕಿಗಳನ್ನು ಬರಿಸಿಕೊಳ್ಳಬೇಕಿತ್ತು. 1988ರಲ್ಲಿ ಎಕ್ಸ್ ವಿಂಡೋ ವ್ಯವಸ್ಥೆಯ ಜೊತೆ ಕೀತ್ ಪ್ಯಾಕರ್ಡ್ ಬರೆದ ಎಕ್ಸ್‌ಡಿಎಂ ಬಂತು. ಎಕ್ಸ್ ಟರ್ಮಿನಲ್ ಎಂಬ ಬಡಪಾಯಿಗೆ ಇದ್ದದ್ದು ಪರದೆ, ಕೀಬೋರ್ಡು, ಮೌಸು; ಕೆಲಸವೆಲ್ಲ ನಡೆಯುವುದು ಇನ್ನೆಲ್ಲೋ ಇರುವ ಕಂಪ್ಯೂಟರಿನಲ್ಲಿ. ಅಲ್ಲಿಗೆ ಹೋಗುವವರಿಗೆ ಎಕ್ಸ್‌ಡಿಎಂ ಒಂದು ಜಗಲಿ ಕಟ್ಟಿಕೊಟ್ಟಿತು. ಹೆಸರು, ಗುಟ್ಟಿನ ಪದ ಎರಡೂ ಸರಿಯಿದ್ದರೆ ಒಳಗೆ ಬನ್ನಿ.

ಈಗ ನನ್ನ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಉಬುಂಟು ಇದೆ. ಜಗಲಿ ಕಾಯುವವನ ಹೆಸರು ಜಿಡಿಎಂ. ಅಪ್ಪ, ಅಮ್ಮ, ತಮ್ಮ ಎಲ್ಲರಿಗೂ ಅವರವರ ಫೋನುಗಳಿವೆ, ಪಟ್ಟಿಯಲ್ಲಿ ಉಳಿದದ್ದು ನನ್ನೊಂದೇ ಹೆಸರು. ಆದರೂ ಅದರ ಕೆಳಗೆ, ನಿಮ್ಮ ಹೆಸರು ಇಲ್ಲಿಲ್ಲವೇ ಎಂಬ ವಿಚಾರಣೆ ತಪ್ಪುವುದಿಲ್ಲ. ಹೆಸರು ಒತ್ತಿದರೆ ಮೂಲೆಯಲ್ಲಿ ಹಲ್ಲಿನ ಚಕ್ರವೊಂದು ಮೂಡಿ, ಯಾವ ಬಗೆಯ ಡೆಸ್ಕ್‌ಟಾಪ್ ಬೇಕು ಎಂದೂ ಕೇಳುತ್ತದೆ. ಕೇಳದೆ ಒಳಗೆ ಬಿಡುವಂತೆ ಹೊಂದಿಸಿಕೊಳ್ಳಬಹುದು, ನಾನು ಹೊಂದಿಸಿಲ್ಲ. ಒಬ್ಬರಾದರೂ ಬಾ ಎನ್ನುವುದು ನನಗೆ ಇಷ್ಟ.

"ನೀನೊಬ್ನೇ ಇರೋದು ಅಂತ ಅದಕ್ಕೆ ಗೊತ್ತಿಲ್ವಾ? ದಿನಾ ಕೇಳುತ್ತಲ್ಲ," ಎಂದಳು ಅಮ್ಮ, ಮೊನ್ನೆ ಬಂದಾಗ.

ಒಬ್ಬನೇ ಎನ್ನುವುದು ಪೂರ್ತಿ ನಿಜವಲ್ಲ. ಯಾರೂ ಲಾಗಿನ್ ಆಗುವ ಮೊದಲೇ ಆ ಪರದೆಯನ್ನು ತೋರಿಸಲು ಜಿಡಿಎಂ ಎಂಬ ಹೆಸರಿನದೇ ಖಾತೆಯೊಂದು ಒಳಗೆ ಎಚ್ಚರವಾಗಿರುತ್ತದೆ. ಅಂಚೆಗೊಂದು, ಪ್ರಿಂಟಿಗೊಂದು, ಆಟಕ್ಕೂ ಒಂದು ಖಾತೆ ಇದೆ. ಖಾತೆಗೊಂದು ಸಂಖ್ಯೆ; ಇವರದೆಲ್ಲ 1000ಕ್ಕಿಂತ ಕಡಿಮೆ. ಅಂಥವರು ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಮನುಷ್ಯರ ಎಣಿಕೆ ಶುರುವಾಗುವುದೇ 1000ದಿಂದ, ನನ್ನ ಸಂಖ್ಯೆ ಅದೇ ಎಂದು ಅಮ್ಮನಿಗೆ ವಿವರಿಸಿದೆ.

"ನಿನ್ನ ಮುಂದೆ ಅಷ್ಟೂ ಜನ ಕ್ಯೂನಲ್ಲಿದ್ದಾರಾ?" ಎಂದಳು.